ಮೊದಲ ಪ್ಯಾನೆಲ್ ರೀಲ್ಸ್ ರೂಮಿಗಲ್ಲ, ಅಜ್ಜ ಕೂರೋ ಹಾಲ್‌ಗೆ

1/8

ಫೋಟೋದಲ್ಲಿರೋದು ನಮ್ಮನೆ ಹಾಲ್. ಕೆಳಗೆ ಮುಖ ಕಾಣೋ ಅಷ್ಟು ಹೊಳೆಯೋ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಪುಟ್ಟಿ ಹೊಡೆದ ನುಣುಪು ಗೋಡೆ, ಒಂದು ಪಕ್ಕ ದೊಡ್ಡ ಗಾಜಿನ ಕಿಟಕಿ. ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ಈಚೆಗೆ ಕಟ್ಟಿದ ಯಾವ ಮನೆಗೆ ಹೋದ್ರೂ ಹೆಚ್ಚು ಕಮ್ಮಿ ಇದೇ ಹಾಲ್. ನಿಮ್ಮನೇದೂ ಇದೇ ಇರಬಹುದು.

ಗೃಹಪ್ರವೇಶದ ದಿನ ಯಾರಿಗೂ ಎಂತದೂ ಗೊತ್ತಾಗಲಿಲ್ಲ. ಮನೆ ತುಂಬ ಜನ, ಮಾತು, ನಗು. ನೆಂಟರೆಲ್ಲ ಹೊರಟ ಮೇಲೆ ರಾತ್ರಿ ಅಮ್ಮ ಒಂದು ಲೋಟ ಕೆಳಗಿಟ್ಟರು ನೋಡಿ, ಮನೆಯೆಲ್ಲ ಟಣ್ ಅಂತು. ಆವತ್ತಿಂದ ಶುರು. ಕುಕ್ಕರ್ ಸೀಟಿ, ಮಿಕ್ಸಿ, ಟಿವಿ, ನಮ್ಮ ಜಗಳ, ಎಲ್ಲದಕ್ಕೂ ಬಾಲ ಬಂತು. ಗುಂಯ್ ಅಂತ ಒಂದು ಬಾಲ.

ನಾವು ಒಗ್ಗಿಕೊಂಡ್ವಿ. ಅಜ್ಜ ಒಗ್ಗಲಿಲ್ಲ. ಹಳೇ ಮನೇಲಿ ಊಟಕ್ಕೆ ಕೂತರೆ ಎಲ್ಲರ ಮಾತಿಗೂ ಒಂದು ಕೊಸರು ಹಾಕ್ತಿದ್ದ ಅಜ್ಜ ಹೊಸ ಮನೇಲಿ ಸುಮ್ಮನಾದರು. ಊಟ ಮುಗಿದ ತಕ್ಷಣ ಎದ್ದು ಹೊರಗೆ ಸಿಟ್‌ಔಟಿಗೆ ಹೋಗಿ ಒಬ್ಬರೇ ಕೂರೋರು. "ಕಿವಿ ಹೋಯ್ತು", "ವಯಸ್ಸಾಯ್ತಲ್ಲ", "ಹಳೇ ಮನೆ ಬಿಟ್ಟ ಬೇಜಾರು" ಅಂತ ನಾವೇ ತೀರ್ಪು ಕೊಟ್ಟು ಆಗಿತ್ತು.

ಕಿವಿ ಸ್ವಲ್ಪ ಮಂದ ಆಗಿದ್ದು ಹೌದು. ಆದ್ರೆ ಅರ್ಧ ತಪ್ಪು ಹಾಲ್‌ದು. ಅದು ಗೊತ್ತಾಗೋಕೆ ನಂಗೆ ಒಂದು ವರ್ಷ ಬೇಕಾಯ್ತು. ಈ ಸರಣಿಯಲ್ಲಿ ನಾನು ಹೇಳೋದು ಇಷ್ಟೇ: ಮನೇಲಿ ಅಕೌಸ್ಟಿಕ್ ಪ್ಯಾನೆಲ್ ಹಾಕ್ಬೇಕು ಅಂತ ಆಸೆ ಇದ್ರೆ ಮೊದಲನೇದು ನಿಮ್ಮ ರೆಕಾರ್ಡಿಂಗ್ ಮೂಲೆಗೆ ಬೇಡ, ಹಾಲ್‌ಗೆ ಹಾಕಿ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

2/8

ಎರಡನೇ ಫೋಟೋ ನೋಡಿ ನಗಬೇಡಿ. ಕಪ್ಪು ಫೋಮ್ ತುಂಡುಗಳು, ಮೇಲೆ ಬಿಳಿ ಬೂಸ್ಟು. ಇದು ನನ್ನ ಸ್ವಂತ ದಡ್ಡತನ.

ಕಳೆದ ವರ್ಷ ನಂಗೆ ಭಾವಗೀತೆ ಹಾಡಿ ರೆಕಾರ್ಡ್ ಮಾಡೋ ಹುಚ್ಚು. ವಿಡಿಯೋಗಳಲ್ಲಿ ಎಲ್ಲರ ಹಿಂದೆಯೂ ಕಪ್ಪು ಮುಳ್ಳು ಮುಳ್ಳು ಫೋಮ್ ಇರುತ್ತಲ್ಲ, ಅದನ್ನ ಆನ್‌ಲೈನ್‌ನಲ್ಲಿ ತರಿಸಿದೆ. 12 ತುಂಡು, ಒಂದೊಂದು ಅಡಿ, ಒಂದು ಇಂಚು ದಪ್ಪ. ಡಬಲ್ ಟೇಪ್ ಹಾಕಿ ಮಂಚದ ಹಿಂದಿನ ಗೋಡೆಗೆ ಅಂಟಿಸಿದೆ. ಫೋಟೋಗೆ ಚೆನ್ನಾಗಿ ಕಾಣ್ತಿತ್ತು, ಸುಳ್ಳು ಹೇಳಲ್ಲ. ರೆಕಾರ್ಡಿಂಗ್ ಕೇಳಿದ್ರೆ ಮಾತ್ರ ಡ್ರಮ್ಮಿನೊಳಗೆ ಕೂತು ಹಾಡಿದ ಹಂಗೆ. 'ಸ', 'ಶ' ಎಲ್ಲ ಸತ್ತುಹೋಗಿದ್ವು, ಗುಂಯ್ ಅನ್ನೋದು ಅಲ್ಲೇ ಇತ್ತು.

ಇದರ ಕಾರಣ ಸರಳ. ಶಬ್ದ ಅಂದ್ರೆ ಗಾಳಿಯ ಓಡಾಟ. ಫೋಮು, ಉಣ್ಣೆ, ಹತ್ತಿ ಇಂಥವು ಆ ಓಡಾಟಕ್ಕೆ ಅಡ್ಡ ಬಂದು ಅದರ ಶಕ್ತಿಯನ್ನ ಕೂದಲೆಳೆಯಷ್ಟು ಬಿಸಿ ಮಾಡಿ ಮುಗಿಸ್ತವೆ. ಆದ್ರೆ ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಗೆ ಓಡಾಡೋಕೆ ದಾರಿಯೇ ಇಲ್ಲ. ಓಡಾಟ ಜೋರಾಗಿರೋದು ಗೋಡೆಯಿಂದ ಅಲೆಯ ಉದ್ದದ ಕಾಲು ಭಾಗ ದೂರದಲ್ಲಿ. 1000 ಹರ್ಟ್ಸ್ ಶಬ್ದಕ್ಕೆ ಆ ಕಾಲು ಭಾಗ ಅಂದ್ರೆ ಸುಮಾರು ಮೂರೂವರೆ ಇಂಚು. ಗಂಡಸಿನ ದಪ್ಪ ದನಿಯ ತಳ ಇರೋದು 100 ಹರ್ಟ್ಸ್ ಆಸುಪಾಸಲ್ಲಿ, ಅದಕ್ಕೆ ಹೆಚ್ಚುಕಮ್ಮಿ ಮೂರು ಅಡಿ. ನನ್ನ ಒಂದಿಂಚು ಫೋಮು ತೆಳ್ಳಗಿನ ಶಬ್ದ ಮಾತ್ರ ತಿಂದು ದಪ್ಪದ್ದನ್ನೆಲ್ಲ ಹಂಗೇ ವಾಪಸ್ ಕಳಿಸ್ತಿತ್ತು.

ಆಮೇಲೆ ಜುಲೈ ಬಂತು. ನಮ್ಮೂರ ಜುಲೈ ಗೊತ್ತಲ್ಲ, ಒಗೆದ ಬಟ್ಟೆ ನಾಕು ದಿನ ಒಣಗಲ್ಲ. ಫೋಮು ಥಂಡಿ ಹಿಡಿದು ಬೂಸ್ಟು ಬಂತು, ಟೇಪು ಬಿಟ್ಟು ಒಂದೊಂದೇ ಉದುರಿತು, ಉದುರುವಾಗ ಹೊಸ ಪೇಂಟನ್ನೂ ಕಿತ್ಕೊಂಡು ಬಂತು. ಅಮ್ಮ ಬೈದಿದ್ದನ್ನ ಇಲ್ಲಿ ಬರೆಯಲ್ಲ.

ಮೊಟ್ಟೆ ಟ್ರೇ ಅಂಟಿಸ್ತೀನಿ ಅನ್ನೋರಿಗೆ: ಬೇಡ. ಅದು ತೆಳು ರಟ್ಟು, ಶಬ್ದಕ್ಕೆ ಏನೂ ಮಾಡಲ್ಲ. ಜಿರಳೆಗೆ ಮಾತ್ರ ಒಳ್ಳೇ ಮನೆ.

3/8

ಡಿಎಂನಲ್ಲಿ ಅತಿ ಹೆಚ್ಚು ಬಂದ ಪ್ರಶ್ನೆ: "ಪ್ಯಾನೆಲ್ ಹಾಕಿದ್ರೆ ಮಳೆ ಶಬ್ದ ನಿಲ್ಲುತ್ತಾ?"

ನಿಲ್ಲಲ್ಲ. ಇದನ್ನ ಈಗಲೇ ಹೇಳಿಬಿಟ್ಟರೆ ನಿಮ್ಮ ದುಡ್ಡು ಉಳಿಯುತ್ತೆ.

ಎರಡು ಬೇರೆ ಬೇರೆ ಕೆಲಸ ಇದಾವೆ. ಹೊರಗಿನ ಶಬ್ದ ಒಳಗೆ ಬರದ ಹಾಗೆ ತಡೆಯೋದು ಒಂದು. ಒಳಗೆ ಹುಟ್ಟಿದ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಬಡಿದು ಉಳಿಯದ ಹಾಗೆ ಮಾಡೋದು ಇನ್ನೊಂದು. ಮೊದಲನೇದಕ್ಕೆ ಬೇಕಾಗಿದ್ದು ತೂಕ ಮತ್ತು ಸಂದಿ ಮುಚ್ಚೋದು: ದಪ್ಪ ಗೋಡೆ, ಬಿಗಿಯಾಗಿ ಕೂರೋ ಬಾಗಿಲು, ಮಾಡಿನ ಕೆಳಗೆ ಇನ್ನೊಂದು ಪದರ. ಎರಡನೇದಕ್ಕೆ ಬೇಕಾಗಿದ್ದು ಮೆತ್ತಗಿರೋ, ಗಾಳಿ ಆಡೋ, ದಪ್ಪ ವಸ್ತು. ಪ್ಯಾನೆಲ್ ಮಾಡೋದು ಎರಡನೇ ಕೆಲಸ ಮಾತ್ರ.

ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ಕಡೆ ಹುಲಿಕಲ್ಲೂ ಕಮ್ಮಿ ಇಲ್ಲ. ಮೇಲೆ ತಗಡಿನ ಶೀಟ್ ಹಾಕಿದ ಮನೇಲಿ ಆಷಾಢದ ಮಳೆ ಬಂದ್ರೆ ಎದುರಿಗೆ ಕೂತೋರ ಮಾತೂ ಕೇಳ್ಸಲ್ಲ. ಆ ಶಬ್ದ ಹುಟ್ಟೋದೇ ಶೀಟು ಅದುರೋದರಿಂದ. ಗೋಡೆ ಮೇಲೆ ನಾಕು ಪ್ಯಾನೆಲ್ ತೂಗು ಹಾಕಿದ್ರೆ ಶೀಟಿನ ಅದುರು ನಿಲ್ಲುತ್ತಾ? ಒಳಗೆ ಬಂದ ಶಬ್ದ ಒಂಚೂರು ಬೇಗ ಸಾಯುತ್ತೆ, ಅಷ್ಟೇ. ಪಕ್ಕದ ಮನೆ ಡಿಜೆಗೂ ಇದೇ ಉತ್ತರ.

"ಸೌಂಡ್‌ಪ್ರೂಫ್ ಫೋಮ್" ಅಂತ ಬರೆದು ಮಾರೋದು ನೋಡಿದ್ರೆ ಈಗ ನಿಮಗೇ ಗೊತ್ತಾಗ್ಬೇಕು, ಆ ಹೆಸರೇ ತಪ್ಪು. ಫೋಮು ಯಾವ ಶಬ್ದವನ್ನೂ ಮನೆ ಹೊರಗೆ ನಿಲ್ಲಿಸಲ್ಲ.

4/8

ಇವತ್ತು ಸ್ವಲ್ಪ ಲೆಕ್ಕ. ಓಡಬೇಡಿ, ಪಿಯುಸಿ ಫಿಸಿಕ್ಸ್‌ಗಿಂತ ಸುಲಭ.

1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಲೆಕ್ಚರ್ ಹಾಲ್‌ನಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥ ಆಗ್ತಿರಲಿಲ್ಲ. ಒಂದು ಶಬ್ದ ಹುಟ್ಟಿದ್ರೆ ಐದೂವರೆ ಸೆಕೆಂಡ್ ಉಳೀತಿತ್ತು. ಸರಿ ಮಾಡು ಅಂತ ವ್ಯಾಲೇಸ್ ಸೆಬೈನ್ ಅನ್ನೋ ಫಿಸಿಕ್ಸ್ ಮೇಷ್ಟ್ರಿಗೆ ವಹಿಸಿದ್ರು. ಅವರಿಗಿನ್ನೂ 30 ಆಗಿರಲಿಲ್ಲ. ಅವರು ಮಾಡಿದ್ದು ಎಂತ ಅಂದ್ರೆ, ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನ ರಾತ್ರಿ ಹೊತ್ತು ತಂದು ಹಾಲ್‌ನಲ್ಲಿ ಹಾಸೋದು, ಆರ್ಗನ್ ಕೊಳವೆ ಊದಿಸಿ ಸ್ಟಾಪ್‌ವಾಚ್ ಹಿಡಿಯೋದು, ಬೆಳಗಾಗೋದ್ರೊಳಗೆ ಮೆತ್ತೆಗಳನ್ನ ವಾಪಸ್ ಇಟ್ಟು ಬರೋದು. ಹಿಂಗೆ ಎಷ್ಟೋ ರಾತ್ರಿ. ಹುಟ್ಟಿದ ಶಬ್ದ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದಕ್ಕೆ ಸೂತ್ರ ಸಿಕ್ಕಿದ್ದು ಅಲ್ಲಿಂದ. ಪುಸ್ತಕದ ಭಾಷೇಲಿ ಆ ಉಳಿಕೆಗೆ ಅನುರಣನ ಅಂತಾರೆ.

ಅವರು ಹಿಡಿದ ಅಳತೆ ನಂಗೆ ಬಾಳ ಇಷ್ಟ: ತೆರೆದ ಕಿಟಕಿ. ತೆರೆದ ಕಿಟಕಿಗೆ ಹೋದ ಶಬ್ದ ವಾಪಸ್ ಬರಲ್ಲ. ಅಂದ್ರೆ ಒಂದು ಚದರಡಿ ತೆರೆದ ಕಿಟಕಿ ಒಂದು ಚದರಡಿ ಶಬ್ದವನ್ನ ಪೂರ್ತಿ ನುಂಗುತ್ತೆ. ಬೇರೆ ಎಲ್ಲ ವಸ್ತುವನ್ನೂ ಇದಕ್ಕೇ ಹೋಲಿಸೋದು. ಟೈಲ್ಸ್, ಸಿಮೆಂಟು, ಗಾಜು ಇಂಥವು ನೂರು ಚದರಡಿ ಇದ್ರೂ ಮಾತಿನ ಶಬ್ದಕ್ಕೆ ಎರಡು ಮೂರು ಚದರಡಿ ಕಿಟಕಿಗೆ ಸಮ.

ಸೂತ್ರ: ಕೋಣೆಯ ಘನ ಅಡಿಯನ್ನ 0.049ರಿಂದ ಗುಣಿಸಿ, "ಕಿಟಕಿ"ಯ ಒಟ್ಟು ಚದರಡಿಯಿಂದ ಭಾಗಿಸಿ. ಉತ್ತರ ಸೆಕೆಂಡ್‌ನಲ್ಲಿ ಬರುತ್ತೆ.

20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಹಾಲ್ ತಗೊಳ್ಳಿ. 3000 ಘನ ಅಡಿ. 0.049ರಿಂದ ಗುಣಿಸಿದ್ರೆ 147. ಸೋಫಾ, ಕರ್ಟನ್, ಅಡುಗೆಮನೆ ಕಡೆಯ ಬಾಗಿಲು ಎಲ್ಲ ಸೇರಿ 74 ಚದರಡಿ "ಕಿಟಕಿ" ಇದೆ ಅಂದ್ಕೊಳ್ಳಿ, ಶಬ್ದ 2 ಸೆಕೆಂಡ್ ಉಳಿಯುತ್ತೆ. 147 ಆದ್ರೆ 1 ಸೆಕೆಂಡ್. 2 ಅಡಿಗೆ 4 ಅಡಿಯ ಒಂದು ಒಳ್ಳೇ ಪ್ಯಾನೆಲ್ ಸುಮಾರು 7 ಚದರಡಿ ಕೊಡುತ್ತೆ. ಹತ್ತು ಪ್ಯಾನೆಲ್ ಹಾಕಿದ್ರೆ 2 ಸೆಕೆಂಡ್ 1ರ ಹತ್ತಿರಕ್ಕೆ ಬರುತ್ತೆ. ಅಲ್ಲಿಂದ ಅರ್ಧಕ್ಕೆ ಇಳಿಸ್ಬೇಕು ಅಂದ್ರೆ ಇನ್ನೂ ಇಪ್ಪತ್ತು ಬೇಕು! ಮೊದಮೊದಲು ಹಾಕಿದ್ದಕ್ಕೇ ಹೆಚ್ಚು ಫಲ. ಮನೆಯನ್ನ ಸ್ಟುಡಿಯೋ ಮಾಡೋಕೆ ಹೋಗಬೇಡಿ, ಅರ್ಧ ದಾರಿ ಹೋದ್ರೆ ಸಾಕು.

ಇನ್ನೊಂದು ಮಜಾ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು 4-5 ಚದರಡಿ ಕಿಟಕಿಗೆ ಸಮ. ಗೃಹಪ್ರವೇಶದ ದಿನ ಹಾಲ್‌ನಲ್ಲಿ 30 ಜನ ಇದ್ರು. ಗುಂಯ್ ಅನ್ನೋದು ಆವತ್ತು ಎಲ್ಲಿಗೆ ಹೋಗಿತ್ತು ಅಂತ ಈಗ ಗೊತ್ತಾಯ್ತಲ್ಲ.

5/8

ಈ ಫೋಟೋ ನಮ್ಮ ಹಳೇ ಮನೆ ಜಗಲಿ. "ಹಳೇ ಮನೇಲಿ ಎಂತಕ್ಕೆ ಗುಂಯ್ ಅಂತಿರಲಿಲ್ಲ?" ಅಂತ ತಂಗಿ ಕೇಳಿದಳು. ನಿಮಗೂ ಅನ್ನಿಸಿರಬಹುದು.

ಮೇಲೆ ಹೆಂಚು, ಹೆಂಚಿನ ಸಂದಿ. ಕೆಳಗೆ ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಅಟ್ಟದ ತುಂಬ ಅಡಿಕೆ ಚೀಲ, ಚಾಪೆ, ಹಳೇ ಹಾಸಿಗೆ. ಗೋಡೆ ಮಣ್ಣಿಂದು, ಒಂದೂ ನೆಟ್ಟಗಿಲ್ಲ. ಎದುರುಬದುರು ಗೋಡೆ ಸರಿಯಾಗಿ ಸಮಾನಾಂತರ ಇದ್ರೇ ಚಪ್ಪಾಳೆ ಟರ್ರ್ ಅಂತ ಹಾರಾಡೋದು. ಇಲ್ಲಿ ಸಾಲು ಕಂಬ, ಗೂಡು, ಮೊಳೆಗೆ ನೇತು ಹಾಕಿದ ಕಂಬಳಿ. ಎಲ್ಲಕ್ಕಿಂತ ದೊಡ್ಡದು, ಒಂದು ಪಕ್ಕ ಪೂರ್ತಿ ಬಯಲು. ಜಗಲಿ ಅಂಗಳಕ್ಕೆ ತೆರೆದಿತ್ತು. ಸೆಬೈನ್ ಹೇಳಿದ ತೆರೆದ ಕಿಟಕಿ ಅಂದ್ರೆ ಅದೇ, ಅದೂ ನೂರಿನ್ನೂರು ಚದರಡಿ.

ತೀರ್ಥಹಳ್ಳಿ ಕಡೆಯವರು ಕುಪ್ಪಳಿಯ ಕವಿಮನೆಗೆ ಹೋದಾಗ ಫೋಟೋ ತೆಗೆಯೋದರ ಜೊತೆಗೆ ಒಂದು ನಿಮಿಷ ಕಿವಿ ಕೊಟ್ಟು ನೋಡಿ. ತೊಟ್ಟಿಮನೆ. ಮಧ್ಯೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮರದ ಕಂಬ, ಉಪ್ಪರಿಗೆ. ಮಾತು ಮಾತಾಗೇ ಇರುತ್ತೆ, ಬಾಲ ಬರಲ್ಲ.

ಮಳೆಗಾಲದಲ್ಲಿ ಮನೆ ಒಳಗೇ ತಾಳಮದ್ದಲೆ ಕೂಡಿಸೋದು ನಮ್ಮ ಕಡೆ ಇದೆಯಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಇರೋದು ಪದ್ಯ ಮತ್ತು ಅರ್ಥ. ಅಂದ್ರೆ ಪೂರ್ತಿ ನಿಂತಿರೋದು ಮಾತಿನ ಮೇಲೆ. ಜಗಲೀಲಿ ಆದಾಗ ಮೈಕ್ ಇಲ್ಲದೆ ಅಡುಗೆಮನೆ ಬಾಗಿಲಲ್ಲಿ ನಿಂತೋರಿಗೂ ಒಂದೊಂದು ಪದ ತಲುಪುತ್ತೆ. ಅದೇ ಹೊಸ ಹಾಲ್‌ನಲ್ಲಿ ಹತ್ತು ಜನ ಕೂತು ಮಾಡಿ ನೋಡಿ, ಮದ್ದಲೆ ಪೆಟ್ಟು ನಿಲ್ಲೋದ್ರೊಳಗೆ ಅರ್ಥದ ಮೊದಲ ಎರಡು ಮಾತು ಹೋಗಿರುತ್ತೆ.

ಹಂಗಂತ ಹಳೇ ಮನೆಯೇ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಕತ್ತಲೆ, ಹೊಗೆ, ಇಲಿ, ಸೋರಾಟ. ಮುಚ್ಚಿಗೆ ಮೇಲೆ ಯಾರಾದ್ರೂ ಮಗ್ಗಲು ಬದಲಿಸಿದ್ರೆ ಕೆಳಗೆ ಗೊತ್ತಾಗ್ತಿತ್ತು, ಗುಟ್ಟು ಮಾತಾಡೋ ಹಂಗಿರಲಿಲ್ಲ. ಅಮ್ಮನಿಗೆ ಹೊಸ ಮನೆ ಬೇಕಿತ್ತು, ಬೇಕಾದ್ದೇ. ನಾನು ಕೇಳ್ತಿರೋದು ಇಷ್ಟು: ಮನೆ ಕಟ್ಟುವಾಗ ಟೈಲ್ಸ್ ಹೊಳಪು, ಲೈಟು, ಶೋಕೇಸು ಎಲ್ಲ ನೂರು ಸಲ ಮಾತಾಡ್ತೀವಿ. ಇಲ್ಲಿ ಕೂತು ಮಾತಾಡಿದ್ರೆ ಹೆಂಗೆ ಕೇಳುತ್ತೆ ಅಂತ ಒಬ್ಬರಾದ್ರೂ ಕೇಳ್ತಾರಾ?

6/8

ಈಗ ಮುಖ್ಯ ವಿಷಯಕ್ಕೆ ಬಂದೆ. ಇವತ್ತಿನ ಫೋಟೋದಲ್ಲಿ ಖಾಲಿ ಕುರ್ಚಿ ಮಾತ್ರ. ಅಜ್ಜನ ಫೋಟೋ ಹಾಕಲ್ಲ, ಅವರಿಗೆ ಇಷ್ಟ ಇಲ್ಲ.

ವಯಸ್ಸಾದ ಹಾಗೆ ಕಿವಿ ಮೊದಲು ಕಳಕೊಳ್ಳೋದು ತೆಳ್ಳಗಿನ, ಎತ್ತರದ ಶಬ್ದಗಳನ್ನ. ಮಾತಿನಲ್ಲಿ ಅವು ಯಾವುವು? ಸ, ಶ, ತ, ಕ, ಪ ಇಂಥ ವ್ಯಂಜನಗಳ ಮೊನೆ. ಆ, ಓ, ಊ ಇಂಥ ಸ್ವರಗಳು ದಪ್ಪ, ಅವು ಕೇಳ್ತಾನೇ ಇರ್ತವೆ. ಆದ್ರೆ ಪದ ಬೇರೆ ಮಾಡೋದು ವ್ಯಂಜನ. 'ಕಾಲು', 'ಹಾಲು', 'ಸಾಲು', 'ಪಾಲು', ಮೊದಲ ಮೊನೆ ಹೋದ್ರೆ ಎಲ್ಲ ಒಂದೇ. ಅದಕ್ಕೇ ಹಿರಿಯರು "ಕೇಳ್ಸುತ್ತೆ, ಎಂತ ಹೇಳ್ತಿದೀರಿ ಅಂತ ತಿಳಿಯಲ್ಲ" ಅನ್ನೋದು. ಅದು ನೆಪ ಅಲ್ಲ, ಅಕ್ಷರಶಃ ನಿಜ.

ಇದರ ಮೇಲೆ ಹಾಲ್ ಸೇರಿಸಿ. ನಾವು ಸೆಕೆಂಡಿಗೆ ನಾಕೈದು ಅಕ್ಷರ ಮಾತಾಡ್ತೀವಿ. ಒಂದೊಂದು ಅಕ್ಷರದ ಬಾಲ ಎರಡು ಸೆಕೆಂಡ್ ಉಳಿದ್ರೆ ಹಿಂದಿನ ಎಂಟು ಹತ್ತು ಅಕ್ಷರಗಳ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದಿರುತ್ತೆ. ಬಾಲದಲ್ಲಿ ಹೆಚ್ಚಿರೋದು ದಪ್ಪ ಸ್ವರ, ಅದರಡಿ ಸಿಕ್ಕಿ ಹೋಗೋದು ಮೊದಲೇ ಮಂದವಾಗಿ ಕೇಳೋ ವ್ಯಂಜನ. ನಮ್ಮ ಕಿವಿ, ನಮ್ಮ ಮಿದುಳು ಎಳೇದು, ತುಂಡು ತುಂಡು ಜೋಡಿಸ್ಕೊಂಡು ಸಂಭಾಳಿಸ್ತೀವಿ. ಅವರಿಗೆ ಆಗಲ್ಲ.

ನಾವು ಮಾಡಿದ ಇನ್ನೊಂದು ತಪ್ಪು ಅಂದ್ರೆ ಜೋರಾಗಿ ಕೂಗೋದು. ನೀವು ಕೂಗಿದಷ್ಟೂ ಬಾಲವೂ ಅಷ್ಟೇ ಜೋರಾಗುತ್ತೆ. ಮೇಲಿಂದ ಅಜ್ಜನಿಗೆ ಬೈಸಿಕೊಂಡ ಹಾಗೆ ಅನ್ನಿಸುತ್ತೆ. ಕಿವಿ ಮಿಷನ್ ಹಾಕಿದ್ರೂ ಅದು ಬಾಲವನ್ನೂ ಸೇರಿಸಿಯೇ ದೊಡ್ಡದು ಮಾಡುತ್ತೆ. ಮಾತಾಡೋರು ನಾಕೈದು ಅಡಿ ಒಳಗಿದ್ರೆ ಮಾತ್ರ ಅದರಿಂದ ಪೂರ್ತಿ ಉಪಯೋಗ. ಎಷ್ಟೋ ಮನೇಲಿ ಮಿಷನ್ ಡಬ್ಬೀಲೇ ಉಳಿಯೋಕೆ ಇದೂ ಒಂದು ಕಾರಣ ಅಂತ ನಂಗನ್ನಿಸುತ್ತೆ.

ಅಮೆರಿಕದಲ್ಲಿ ಶಾಲಾ ಕೊಠಡಿಗಳಿಗೆ ಒಂದು ಮಾನದಂಡ ಇದೆ: ಸಾಧಾರಣ ಗಾತ್ರದ ಕೋಣೇಲಿ ಈ ಬಾಲ 0.6 ಸೆಕೆಂಡ್ ಮೀರಬಾರದು. ಮಕ್ಕಳಿಗೆ ಪಾಠ ತಿಳೀಲಿ ಅಂತ. ಹಿರಿಯರು ದಿನವಿಡೀ ಕೂರೋ ಹಾಲ್‌ಗೆ ನಾವು ಅದರ ಹತ್ತಿರಕ್ಕಾದ್ರೂ ಬರಬೇಡ್ವಾ?

ಒಂದು ಮಾತು ಮರೀಬೇಡಿ. ಪ್ಯಾನೆಲ್ ಔಷಧಿ ಅಲ್ಲ. ಮನೇಲಿ ಯಾರಿಗಾದ್ರೂ ಕೇಳೋದು ಕಮ್ಮಿ ಆಗಿದ್ರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹಾಲ್ ರಿಪೇರಿ ಅದರ ಜೊತೆಗೆ, ಅದರ ಬದಲಿಗಲ್ಲ.

7/8

ಸರಿ, ಮಾಡೋದು ಹೆಂಗೆ. ಸೇವ್ ಮಾಡ್ಕೊಳ್ಳಿ.

ಮೊದಲು ಪರೀಕ್ಷೆ. ಹಾಲ್ ಮಧ್ಯೆ ನಿಂತು ಒಂದೇ ಒಂದು ಚಪ್ಪಾಳೆ. ಟರ್ರ್ ಅಂದ್ರೆ ಎದುರುಬದುರು ಎರಡು ಬೋಳು ಗೋಡೆ ಇದಾವೆ ಅಂತ ಅರ್ಥ. ಆಮೇಲೆ ಫೋನ್‌ನಲ್ಲಿ ನಿಮ್ಮ ಮಾತನ್ನೇ ಎರಡು ಸಲ ರೆಕಾರ್ಡ್ ಮಾಡಿ, ಒಂದು ಗೇಣು ದೂರದಿಂದ ಒಮ್ಮೆ, ಅಜ್ಜಿ ಕೂರೋ ಜಾಗದಿಂದ ಒಮ್ಮೆ. ಎರಡನೇದು ನಿಮ್ಮ ಅಜ್ಜಿಗೆ ಕೇಳೋದು.

ದುಡ್ಡಿಲ್ಲದ ದಾರಿ ಮೊದಲು. ಕಪಾಟಿನಲ್ಲಿ ಸುಮ್ಮನೆ ಬಿದ್ದ ಕಂಬಳಿ ಎರಡು ಪದರ ಮಾಡಿ ಬೋಳು ಗೋಡೆಗೆ ತೂಗುಹಾಕಿ. ಗೋಡೆಗೆ ತಾಗಿಸಬೇಡಿ, ನಾಕು ಇಂಚು ಬಿಟ್ಟು ಕೋಲಿಗೆ ಹಾಕಿ. ಆ ಗಾಳಿ ಜಾಗ ಪುಕ್ಕಟೆ ಸಿಗೋ ದಪ್ಪ. ಕರ್ಟನ್ ಕಿಟಕಿಗಿಂತ ಎರಡು ಪಟ್ಟು ಅಗಲ ಇರ್ಲಿ, ನೆರಿಗೆ ಬರಲಿ. ನೆಲಕ್ಕೊಂದು ದಪ್ಪ ಜಮಖಾನ, ಆದ್ರೆ ಹಿರಿಯರ ಕಾಲಿಗೆ ಎಡವದ ಹಾಗೆ. ಪುಸ್ತಕ ತುಂಬಿದ ಕಪಾಟು ಕೂಡ ಬೋಳು ಗೋಡೆಗಿಂತ ಎಷ್ಟೋ ವಾಸಿ.

ಪ್ಯಾನೆಲ್ ಮಾಡೋದಾದ್ರೆ, 2 ಅಡಿಗೆ 4 ಅಡಿ ಮರದ ಚೌಕಟ್ಟು. ಮನೆ ಕೆಲಸದಲ್ಲಿ ಉಳಿದ ರೀಪು ಸಾಕು, ಆಚಾರ್ರ ಹತ್ರ ಹೇಳಿದ್ರೆ ಒಂದು ದಿನದ ಕೆಲಸ. ಒಳಗೆ 2 ಇಂಚು ದಪ್ಪದ ರಾಕ್‌ವೂಲ್ ಹಲಗೆ, ಇಲ್ಲವೇ ಅಷ್ಟೇ ದಪ್ಪದ ಪಾಲಿಯೆಸ್ಟರ್ ಉಣ್ಣೆ ಹಲಗೆ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು, ಇಲ್ಲಾಂದ್ರೆ ಮೈಯೆಲ್ಲ ತುರಿಕೆ. ಮೇಲೆ ಹೊದಿಸೋ ಬಟ್ಟೆಗೆ ಬಾಯಿ ಇಟ್ಟು ಊದಿ ನೋಡಿ, ಉಸಿರು ಆಚೆ ಹೋದ್ರೆ ಶಬ್ದವೂ ಹೋಗುತ್ತೆ. ರೆಕ್ಸಿನ್ ಆಗಲ್ಲ. ನಾನು ಹೆಗ್ಗೋಡಿನ ಚರಕದ ಕೈಮಗ್ಗದ ಬಟ್ಟೆ ಹಾಕಿದೆ. ಅಡಿಕೆ ಚೊಗರಿನ ಬಣ್ಣ ನಮ್ಮ ಹಾಲ್‌ಗೆ ಸರಿ ಹೊಂದಿತು.

ಎಲ್ಲಿ ಹಾಕೋದು? ಕೂತಾಗ ತಲೆ ಬರೋ ಎತ್ತರದಲ್ಲಿ. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದ್ರೂ. ಹಿರಿಯರ ಕುರ್ಚಿ ಹಿಂದೆ ಒಂದು ಇರಲೇಬೇಕು. ಗೋಡೆಯಿಂದ 2 ಇಂಚು ಬಿಟ್ಟು ಮೊಳೆಗೆ ನೇತುಹಾಕಿ, ಅಂಟಿಸಬೇಡಿ. ಆ ಸಂದೀಲಿ ಗಾಳಿ ಆಡಿದ್ರೆ ಥಂಡಿ ಹಿಡಿಯೋದು ಕಮ್ಮಿ, ದೀಪಾವಳಿ ಹೊತ್ತಿಗೆ ಇಳಿಸಿ ಬಿಸಿಲಿಗೂ ಹಾಕಬಹುದು. ಹುಲ್ಲು, ಹತ್ತಿ ತುಂಬೋಕೆ ಹೋಗಬೇಡಿ. ಮಳೆಗಾಲ ಮುಗಿಯೋದ್ರೊಳಗೆ ಇಲಿ ಸಂಸಾರ ಹೂಡಿರುತ್ತೆ.

ಕೊನೇದು, ಬೆಂಕಿ. ಸಾದಾ ಪಾಲಿಯುರೆಥೇನ್ ಫೋಮು ಹತ್ತಿಕೊಂಡ್ರೆ ನಿಮಿಷಗಳಲ್ಲಿ ಕೋಣೆಯೆಲ್ಲ ವಿಷದ ಹೊಗೆ. 2003ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ಶಬ್ದಕ್ಕೆ ಅಂತ ಗೋಡೆಗೆ ಹಾಕಿದ್ದ ಫೋಮಿಗೆ ಪಟಾಕಿ ಕಿಡಿ ತಾಗಿ 100 ಜನ ಸತ್ತರು. ನಮ್ಮ ಮನೇಲಿ ದೀಪ, ಊದುಬತ್ತಿ, ಸೊಳ್ಳೆಬತ್ತಿ ದಿನಾ ಇರ್ತವೆ. ಕಂಬಳಿಯಾಗ್ಲಿ ಬಟ್ಟೆಯಾಗ್ಲಿ, ದೇವರ ಗೂಡಿನ ಹತ್ರ, ಸ್ವಿಚ್‌ಬೋರ್ಡ್ ಹತ್ರ ಬೇಡ.

8/8

ಕೊನೇ ಕಂತು. ಕಾಮೆಂಟಿನಲ್ಲಿ ಬಂದ ತಕರಾರಿಗೆ ಉತ್ತರ ಕೊಟ್ಟು ಮುಗಿಸ್ತೀನಿ.

"ಹಾಲ್ ಅಂದ ಕೆಡುತ್ತೆ ಅಂತ ಮನೇಲಿ ಒಪ್ಪಲ್ಲ." ನಮ್ಮನೇಲೂ ಒಪ್ಪಿರಲಿಲ್ಲ. ಆಗ ನಾನು ಆ ಎರಡು ರೆಕಾರ್ಡಿಂಗನ್ನ ಅಪ್ಪನಿಗೆ ಕೇಳಿಸಿದೆ. ಎರಡನೇದು ಕೇಳಿ ಅಪ್ಪ ತಮ್ಮ ಮಾತೇ ತಮಗೆ ತಿಳೀದೆ ಫೋನ್ ವಾಪಸ್ ಕೊಟ್ಟರು. ಮಾರನೇ ದಿನ ಅವರೇ ಆಚಾರ್ರಿಗೆ ಫೋನ್ ಮಾಡಿದ್ದು.

"ನಂಗೆ ರೆಕಾರ್ಡಿಂಗೇ ಮುಖ್ಯ, ಹಾಲ್ ಆಮೇಲೆ." ಅಡ್ಡಿಲ್ಲ, ನಿಮ್ಮಿಷ್ಟ. ಆದ್ರೆ ರೆಕಾರ್ಡಿಂಗಿಗೆ ಪ್ಯಾನೆಲ್ ಬೇಕೇ ಬೇಕು ಅಂತಿಲ್ಲ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದಕ್ಕೆ ಮುಖ ಮಾಡಿ ಕೂತ್ಕೊಳ್ಳಿ, ಬೆನ್ನ ಹಿಂದೆ ಒಂದು ಕಂಬಳಿ ತೂಗುಹಾಕಿ, ಮೈಕು ಬಾಯಿಗೆ ಒಂದು ಗೇಣು. ನಾನೀಗ ಮಾಡ್ತಿರೋದು ಅದೇ. ನೀವು ಜಾಗ ಬದಲಿಸಬಹುದು, ಮೈಕು ಹತ್ರ ತರಬಹುದು, ತಪ್ಪಿದ್ರೆ ಇನ್ನೊಂದ್ಸಲ ಹಾಡಬಹುದು. ಅಜ್ಜನಿಗೆ ಈ ಯಾವ ಸೌಕರ್ಯವೂ ಇಲ್ಲ. ಅವರು ಕೂರೋ ಜಾಗ ಒಂದೇ, ಊಟದ ಹೊತ್ತಿನ ಮಾತು ಬರೋದು ಒಂದೇ ಸಲ.

ನಮ್ಮನೇಲಿ ಈಗ ಆರು ಪ್ಯಾನೆಲ್, ಎರಡು ಕಂಬಳಿ, ಒಂದು ಜಮಖಾನ. ಗುಂಯ್ ಅನ್ನೋದು ಪೂರ್ತಿ ಹೋಗಿಲ್ಲ, ಅರ್ಧ ಆಗಿದೆ. ಅಜ್ಜ ನ್ಯೂಸ್ ನೋಡುವಾಗ ಟಿವಿ ವಾಲ್ಯೂಮ್ 38 ಇರ್ತಿತ್ತು, ಈಗ 24. ಅಜ್ಜನಿಗೆ ಕಿವಿ ಪರೀಕ್ಷೆಯೂ ಆಯ್ತು, ಮಿಷನ್ನೂ ಬಂತು. ಬೆಳಗ್ಗೆ ಹಾಕಿದ್ರೆ ರಾತ್ರಿ ತೆಗೀತಾರೆ.

ಪ್ಯಾನೆಲ್ ಹಾಕಿದ ವಾರದಲ್ಲಿ ಒಂದಿನ ಊಟಕ್ಕೆ ಕೂತಾಗ ಅಜ್ಜ ಸುತ್ತ ನೋಡಿ ಹೇಳಿದ್ರು, "ಎಂತದು, ಈಗೀಗ ಎಲ್ರೂ ಬಾಯಿ ಬಿಟ್ಟು ಮಾತಾಡೋದು ಕಲ್ತಿದೀರಿ?" ನಾವು ಒಬ್ಬರ ಮುಖ ಒಬ್ಬರು ನೋಡಿದ್ವಿ. ಒಂದು ವರ್ಷ ಅವರು, ನಾವೆಲ್ಲ ಬೇಕಂತಲೇ ಬಾಯೊಳಗೆ ಗೊಣಗ್ತಿದೀವಿ ಅಂದ್ಕೊಂಡಿದ್ರು. ನಾವು ಅವರಿಗೆ ಮಾತು ಬೇಡ ಆಗಿದೆ ಅಂದ್ಕೊಂಡಿದ್ವಿ. ಆಮೇಲೆ ಸಾರಿಗೆ ಉಪ್ಪು ಜಾಸ್ತಿ ಅಂತ ಶುರು ಮಾಡಿದೋರು ಮಜ್ಜಿಗೆ ತನಕ ನಿಲ್ಲಿಸಲಿಲ್ಲ.

ಈ ಭಾನುವಾರ ನಿಮಗೊಂದು ಕೆಲಸ ಮಾರಾಯ್ರೇ. ಹಾಲ್‌ನಲ್ಲಿ ಒಂದು ಚಪ್ಪಾಳೆ ಹೊಡೀರಿ. ಆಮೇಲೆ ಮನೇಲಿ ಹಿರಿಯರು ಕೂರೋ ಜಾಗದಲ್ಲಿ ಹತ್ತು ನಿಮಿಷ ಕೂತು, ಅಡುಗೆಮನೆಯಿಂದ ಯಾರಾದ್ರೂ ಮಾತಾಡಿಸಿದಾಗ ಎಷ್ಟು ತಿಳಿಯುತ್ತೆ ನೋಡಿ. ಕೇಳಿದ್ದನ್ನ ಕಾಮೆಂಟಿನಲ್ಲಿ ಬರೀರಿ. ಪ್ಯಾನೆಲ್ ಚೌಕಟ್ಟಿನ ಅಳತೆ ಬೇಕಾದೋರು ಮೆಸೇಜ್ ಮಾಡಿ, ಕಳಿಸ್ತೀನಿ.

#ಮಲೆನಾಡು #ಸಾಗರ #ಹೊಸನಗರ #ತೀರ್ಥಹಳ್ಳಿ #ಹಾಲ್‌ಗೊಂದುಪ್ಯಾನೆಲ್ #ಅಜ್ಜಅಜ್ಜಿ